ಬಿಡದಿಯ ಹೈಬ್ರಿಡ್ ಕಾರುಗಳು: ಉಳಿತಾಯದ ಲೆಕ್ಕ ರಸ್ತೆಯ ಮೇಲೂ ಆಗಲಿ

ಮಾನ್ಯ ಸಂಪಾದಕರೇ,

ಕಾರು ಕಂಪನಿಗಳ ಇಂಧನ ದಕ್ಷತೆ ಮತ್ತು ಇಂಗಾಲದ ಹೊಗೆಗೆ ಮಿತಿ ಹಾಕುವ ಕೆಫೆ–3 ನಿಯಮದ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿದೆ: ಸಣ್ಣ ಕಾರಿಗೆ ರಿಯಾಯಿತಿ ಕೊಡಬೇಕೋ ಬೇಡವೋ. ಅದು ಕಂಪನಿಗಳ ನಡುವಿನ ಜಗಳ. ಕಾರು ಕೊಳ್ಳುವವರಿಗೂ ಅದರ ಹೊಗೆ ಕುಡಿಯುವವರಿಗೂ ಬೇಕಾದ ಪ್ರಶ್ನೆ ಬೇರೆ. ಕಂಪನಿಯೊಂದು ಮುಂದೆ ಸಾಗಿದೆ ಎಂದು ಯಾವುದನ್ನು ನೋಡಿ ಹೇಳಬೇಕು? ಅದನ್ನು ನಮ್ಮ ಕಣ್ಣೆದುರಿಗಿರುವ ಉದಾಹರಣೆಯಿಂದಲೇ ನೋಡಬಹುದು. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಿಂದ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ವಿದ್ಯುತ್ ಮೋಟರೂ ಇರುವ ಕ್ಯಾಮ್ರಿ ಹೈಬ್ರಿಡ್ ತಯಾರಾಗುತ್ತಿದೆ. 2022ರಿಂದ ಅರ್ಬನ್ ಕ್ರೂಸರ್ ಹೈರೈಡರ್, ಅದರ ಅವಳಿಯಾದ ಮಾರುತಿ ಗ್ರ್ಯಾಂಡ್ ವಿಟಾರಾ, ಬಳಿಕ ಇನ್ನೋವಾ ಹೈಕ್ರಾಸ್ ಕೂಡ ಅಲ್ಲೇ ಆಗುತ್ತಿವೆ. ಅವುಗಳ ತಂತ್ರಜ್ಞಾನದಲ್ಲಿ ಆಗಿರುವ ಪ್ರಗತಿ ನಿಜವಾದದ್ದು. ಆದರೆ ಅದನ್ನು ಅಳೆಯುವ ಕ್ರಮ ಸರಿಯಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಮೊದಲಿಗೆ ಮೈಲೇಜಿನ ಅಂಕಿ. ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುವುದು ನಮಗೆಲ್ಲ ರೂಢಿ. ಹೊಗೆಯ ಲೆಕ್ಕಕ್ಕೆ ಅದನ್ನು ತಿರುವಿ ಹಾಕಿ, 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ಕೇಳಬೇಕು. ಲೀಟರಿಗೆ 20 ಕಿ.ಮೀ. ಕೊಡುವ ಕಾರು 25 ಕೊಡುವಂತಾದರೆ 100 ಕಿ.ಮೀ.ಗೆ ಉಳಿಯುವುದು 1 ಲೀಟರ್. 10 ಕೊಡುವ ವಾಹನ 12 ಕೊಡುವಂತಾದರೆ ಉಳಿಯುವುದು 1.67 ಲೀಟರ್. ಜಾಹೀರಾತಿನಲ್ಲಿ ಮೊದಲನೆಯದು ದೊಡ್ಡ ಸಾಧನೆಯಂತೆ ಕಾಣುತ್ತದೆ, ವಾತಾವರಣಕ್ಕೆ ಎರಡನೆಯದು ದೊಡ್ಡದು. ಹಾಗಾಗಿ ಕಂಪನಿಯೊಂದರ ಅತ್ಯುತ್ತಮ ಕಾರಿನ ಮೈಲೇಜಷ್ಟೇ ನೋಡಿದರೆ ಸಾಲದು, ಅದೇ ಷೋರೂಮಿನಲ್ಲಿ ಮಾರಾಟವಾಗುವ ಅತಿ ಭಾರದ ಡೀಸೆಲ್ ವಾಹನ ಎಷ್ಟು ಕುಡಿಯುತ್ತದೆ ಎಂಬುದನ್ನೂ ನೋಡಬೇಕು.

ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ. ಅದರಲ್ಲಿ ಹತ್ತಿರ ಹತ್ತಿರ 640 ಗ್ರಾಂ ಬರಿಯ ಇಂಗಾಲ. ಉರಿಯುವಾಗ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ 2.3 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಡೀಸೆಲ್ ಹೆಚ್ಚು ಸಾಂದ್ರವಾದ್ದರಿಂದ ಲೀಟರಿಗೆ 2.6 ಕಿಲೋ ದಾಟುತ್ತದೆ. ಇದನ್ನು ತಡೆಯುವ ಫಿಲ್ಟರ್ ಇಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ವಿಷಾನಿಲಗಳನ್ನು ಶುದ್ಧಗೊಳಿಸುತ್ತದೆ, ಇಂಗಾಲದ ಡೈಆಕ್ಸೈಡನ್ನು ಮುಟ್ಟುವುದಿಲ್ಲ. ಅದನ್ನು ಕಡಿಮೆ ಮಾಡಲು ಇಂಧನವನ್ನೇ ಕಡಿಮೆ ಉರಿಸಬೇಕು.

ಈ ದೃಷ್ಟಿಯಿಂದ ಹೈಕ್ರಾಸ್ ಒಳ್ಳೆಯ ಪಾಠ, ಏಕೆಂದರೆ ಒಂದೇ ಮೈಕಟ್ಟು ಎರಡು ಬಗೆಯ ಯಂತ್ರಗಳಲ್ಲಿ ಸಿಗುತ್ತದೆ. ಪ್ರಯೋಗಾಲಯದ ಪ್ರಮಾಣಿತ ಅಂಕಿಯಂತೆ ಬರೀ ಪೆಟ್ರೋಲ್ ಮಾದರಿ ಲೀಟರಿಗೆ 16.13 ಕಿ.ಮೀ., ಹೈಬ್ರಿಡ್ 23.24 ಕಿ.ಮೀ. ಓಡುತ್ತದೆ. 100 ಕಿ.ಮೀ.ಗೆ ಮೊದಲನೆಯದಕ್ಕೆ 6.2 ಲೀಟರ್, ಎರಡನೆಯದಕ್ಕೆ 4.3 ಲೀಟರ್. ನಿಯಮಾವಳಿಯ ಗುಣಕದಲ್ಲಿ ಪರಿವರ್ತಿಸಿದರೆ ಕಿ.ಮೀ.ಗೆ 147 ಗ್ರಾಂ ಮತ್ತು 102 ಗ್ರಾಂ ಇಂಗಾಲದ ಡೈಆಕ್ಸೈಡ್.

2022–23ರಿಂದ ಜಾರಿಯಲ್ಲಿರುವ ಕೆಫೆ–2ರ ಮಿತಿ ತೂಕಕ್ಕೆ ತಕ್ಕಂತೆ ಬದಲಾಗುತ್ತದೆ. ಕಂಪನಿ ಮಾರಿದ ಕಾರುಗಳ ಸರಾಸರಿ ಖಾಲಿ ತೂಕದಿಂದ 1,082 ಕಿಲೋ ಕಳೆದು, ಉಳಿದದ್ದನ್ನು 0.002ರಿಂದ ಗುಣಿಸಿ, 4.7694 ಕೂಡಿಸಬೇಕು. ಬರುವ ಉತ್ತರವೇ 100 ಕಿ.ಮೀ.ಗೆ ಅನುಮತಿಸಿದ ಲೀಟರ್. ಸರಾಸರಿ 1,000 ಕಿಲೋ ಇರುವ ಕಂಪನಿಗೆ ಸುಮಾರು 4.6 ಲೀಟರ್, ಅಂದರೆ 109 ಗ್ರಾಂ. 1,600 ಕಿಲೋ ಇರುವ ಕಂಪನಿಗೆ 5.8 ಲೀಟರ್, ಅಂದರೆ ಹತ್ತಿರ ಹತ್ತಿರ 138 ಗ್ರಾಂ. ಮಿತಿ ಅನ್ವಯಿಸುವುದು ಕಂಪನಿಯ ಸರಾಸರಿಗೆ. ಆದರೂ ಅದೇ ಸೂತ್ರಕ್ಕೆ ಒಂದೊಂದೇ ಕಾರನ್ನು ಹಚ್ಚಿ ನೋಡಿದರೆ, ಹೈಕ್ರಾಸ್ ಹೈಬ್ರಿಡ್ ಗೆರೆಯಿಂದ ಬಹಳ ಕೆಳಗೆ ನಿಲ್ಲುತ್ತದೆ, ಬರೀ ಪೆಟ್ರೋಲ್ ಹೈಕ್ರಾಸ್ ಗೆರೆಯ ಮೇಲೆ ಹೋಗುತ್ತದೆ. ಒಂದೇ ಹೆಸರಿನ ಎರಡು ಕಾರುಗಳಲ್ಲಿ ಒಂದು ಕಂಪನಿಯ ಲೆಕ್ಕವನ್ನು ಸುಧಾರಿಸುತ್ತದೆ, ಇನ್ನೊಂದು ಕೆಡಿಸುತ್ತದೆ.

ಈ 45 ಗ್ರಾಂ ಉಳಿತಾಯ ಎಲ್ಲಿಂದ ಬಂತು? ಬ್ಯಾಟರಿಯಿಂದ ಎಂದು ಹೆಚ್ಚಿನವರು ತಿಳಿದಿದ್ದಾರೆ. ಬ್ಯಾಟರಿಯದು ಅದರಲ್ಲಿ ಒಂದು ಪಾಲು ಮಾತ್ರ. ಎಂಜಿನ್ ಆಟ್ಕಿನ್ಸನ್ ಆವರ್ತದ್ದು: ಒಳಸೇರಿಕೆ ಕವಾಟ ತಡವಾಗಿ ಮುಚ್ಚುವುದರಿಂದ, ಅನಿಲ ಒತ್ತಿಸಿಕೊಂಡದ್ದಕ್ಕಿಂತ ಹೆಚ್ಚು ಹಿಗ್ಗಿ, ಉರಿದ ಇಂಧನದಿಂದ ಹೆಚ್ಚು ಕೆಲಸ ಹೊರಬರುತ್ತದೆ. ಟೊಯೊಟಾದ ಈ ಪೀಳಿಗೆಯ ಹೈಬ್ರಿಡ್ ಎಂಜಿನ್‌ಗಳ ಗರಿಷ್ಠ ಉಷ್ಣ ದಕ್ಷತೆ 41 ಶೇಕಡಾ ತಲುಪಿದೆ. ಪೆಟ್ರೋಲ್ ಎಂಜಿನಿಗೆ ಇದು ದೊಡ್ಡ ಸಂಖ್ಯೆ. ಇಂಥ ಎಂಜಿನ್‌ಗೆ ಕಡಿಮೆ ವೇಗದಲ್ಲಿ ಎಳೆತ ಸಾಲದು, ಆ ಕೊರತೆಯನ್ನು ಮೋಟರ್ ತುಂಬುತ್ತದೆ. ಗ್ರಹಚಕ್ರ ಗೇರು ಎಂಜಿನ್, ಜನರೇಟರ್ ಮತ್ತು ಮೋಟರನ್ನು ಜೋಡಿಸಿ, ಎಂಜಿನ್ ಆದಷ್ಟೂ ತನ್ನ ದಕ್ಷ ವಲಯದಲ್ಲೇ ಓಡುವಂತೆ ನೋಡಿಕೊಳ್ಳುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ನಿಲ್ಲುತ್ತದೆ, ಬ್ರೇಕ್ ಒತ್ತಿದಾಗ ಶಕ್ತಿ ಬ್ಯಾಟರಿಗೆ ವಾಪಸ್ ಬರುತ್ತದೆ. ಇನ್ನೊಂದು ಬದಲಾವಣೆ ಜಾಹೀರಾತಿನಲ್ಲಿ ಎದ್ದು ಕಾಣುವುದಿಲ್ಲ. ಹಳೆಯ ಇನ್ನೋವಾ ಏಣಿಯಾಕಾರದ ಚೌಕಟ್ಟಿನ (ಏಣಿ ಚಾಸಿ) ಮೇಲೆ ಕೂತ, ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ವಾಹನ. ಹೈಕ್ರಾಸ್‌ಗೆ ಚೌಕಟ್ಟೂ ಮೈಯೂ ಒಂದೇ ಆದ ಏಕಕಾಯ ಮೈಕಟ್ಟು, ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಹೋಯಿತು, ತೂಕವೂ ಇಳಿಯಿತು. ಬ್ಯಾಟರಿ ಇಲ್ಲದ ಹೈಕ್ರಾಸಿಗೂ ಈ ಲಾಭ ಸಿಕ್ಕಿದೆ.

ಇಷ್ಟನ್ನು ಮನಸಾರೆ ಮೆಚ್ಚಿಯೇ ಮುಂದಿನ ಮಾತು ಹೇಳಬೇಕು. ಕೆಫೆ ಲೆಕ್ಕದಲ್ಲಿ ಹೈಕ್ರಾಸ್‌ನಂಥ ಬಲಿಷ್ಠ ಹೈಬ್ರಿಡ್ ಒಂದು ಮಾರಿದರೆ ಎರಡು ಎಂದು, ಬ್ಯಾಟರಿ ಕಾರು ಒಂದು ಮಾರಿದರೆ ಮೂರು ಎಂದು ಎಣಿಸುತ್ತಾರೆ. ಹೊಸ ತಂತ್ರಜ್ಞಾನಕ್ಕೆ ಉತ್ತೇಜನ ಕೊಡುವುದು ಇದರ ಉದ್ದೇಶ. ಪರಿಣಾಮ ಏನು? 100 ಹೈಕ್ರಾಸ್ ಮಾರಾಟವಾಗಿ, 50 ಹೈಬ್ರಿಡ್, 50 ಬರೀ ಪೆಟ್ರೋಲ್ ಎಂದಿಟ್ಟುಕೊಳ್ಳಿ. ಪ್ರಯೋಗಾಲಯದ ಅಂಕಿಯಲ್ಲೇ ನಿಜವಾದ ಸರಾಸರಿ 124.5 ಗ್ರಾಂ. ಹೈಬ್ರಿಡನ್ನು ಎರಡೆರಡು ಬಾರಿ ಎಣಿಸಿದರೆ ಕಾಗದದ ಸರಾಸರಿ 117 ಗ್ರಾಂ. ಆ ಏಳೂವರೆ ಗ್ರಾಂ ಹೊಗೆಕೊಳವೆಯಿಂದ ಹೊರಬಿದ್ದೇ ಬೀಳುತ್ತದೆ, ಪುಸ್ತಕದಲ್ಲಿ ಮಾತ್ರ ಕಾಣುವುದಿಲ್ಲ. ಉತ್ತೇಜನ ಬೇಕಿದ್ದರೆ ಇರಲಿ. ಆದರೆ ಈ ಎರಡು–ಮೂರರ ಗುಣಕ ಹಾಕಿದ ಸರಾಸರಿ ಮತ್ತು ಹಾಕದ ಸರಾಸರಿ ಎರಡನ್ನೂ ಕಂಪನಿವಾರು ಅಕ್ಕಪಕ್ಕದಲ್ಲಿ ಪ್ರಕಟಿಸಬೇಕು. ನಿಯಮ ಪಾಲಿಸಿದ ಕಂಪನಿಗೆ ಇದರಿಂದ ನಾಚಿಕೆಪಡುವಂಥದ್ದೇನೂ ಇಲ್ಲ.

ಇದಕ್ಕಿಂತ ದೊಡ್ಡ ಬಿರುಕು ಪರೀಕ್ಷೆಯಲ್ಲೇ ಇದೆ. ಮೈಲೇಜು ಅಳೆಯಲು ಪ್ರಯೋಗಾಲಯದಲ್ಲಿ ಕಾರನ್ನು ಓಡಿಸುವ ನಮ್ಮ ನಿಗದಿತ ಕ್ರಮ, ಅಂದರೆ ಎಂಐಡಿಸಿ ಚಾಲನಾ ಆವರ್ತ, 1,180 ಸೆಕೆಂಡುಗಳದ್ದು, ಗರಿಷ್ಠ ವೇಗ 90 ಕಿ.ಮೀ. ಕಾರು ರೋಲರಿನ ಮೇಲೆ ನಿಧಾನವಾಗಿ ವೇಗ ಪಡೆಯುತ್ತದೆ, ಏ.ಸಿ. ಆಫ್ ಆಗಿರುತ್ತದೆ. ಸಮಯದ ಸುಮಾರು ಕಾಲು ಭಾಗ ನಿಂತೇ ಕಳೆಯುತ್ತದೆ. ನಿಂತಾಗ ಎಂಜಿನ್ ಆರಿಸುವ ಹೈಬ್ರಿಡ್‌ಗೆ ಹೇಳಿ ಮಾಡಿಸಿದ ಪರೀಕ್ಷೆ ಇದು. ಸಿಲ್ಕ್ ಬೋರ್ಡ್‌ನಿಂದ ಹೆಬ್ಬಾಳದವರೆಗಿನ ದಟ್ಟಣೆಯಲ್ಲಿ ಹೈಬ್ರಿಡ್ ನಿಜವಾಗಿಯೂ ಗೆಲ್ಲುತ್ತದೆ, ಅಲ್ಲಿ ಅದರ ಉಳಿತಾಯದ ಬಗ್ಗೆ ಅನುಮಾನ ಬೇಡ. ಅದೇ ಕಾರು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100 ಕಿ.ಮೀ. ವೇಗದಲ್ಲಿ ಓಡಿದಾಗ ಚಿತ್ರ ಬದಲಾಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80ರಿಂದ 100ಕ್ಕೆ ಹೋದರೆ ತಡೆ ಒಂದೂವರೆ ಪಟ್ಟು ಮೀರುತ್ತದೆ. ಬ್ರೇಕ್ ಒತ್ತುವ ಪ್ರಸಂಗವೇ ಕಡಿಮೆ, ಹಾಗಾಗಿ ವಾಪಸ್ ಬರುವ ಶಕ್ತಿಯೂ ಇಲ್ಲ. ಆಗ ಉಳಿಯುವುದು ಎಂಜಿನ್ನಿನ ದಕ್ಷತೆಯ ಲಾಭವೊಂದೇ. ಹೆದ್ದಾರಿಯಲ್ಲೇ ಹೆಚ್ಚು ಓಡಿಸುವವರು ಹೈಬ್ರಿಡ್‌ಗೆ ಕೊಡುವ ಹೆಚ್ಚುವರಿ ಬೆಲೆಯನ್ನು ಜಾಹೀರಾತಿನ ಮೈಲೇಜಿನ ಲೆಕ್ಕದಲ್ಲಿ ತೂಗಬಾರದು.

ಘಟ್ಟದಲ್ಲೂ ಒಂದು ಮಿತಿ ಇದೆ. ಹೈರೈಡರ್‌ನ ಲಿಥಿಯಂ ಬ್ಯಾಟರಿಯ ಸಾಮರ್ಥ್ಯ 0.76 ಕಿಲೋವಾಟ್ ಅವರ್ ಮಾತ್ರ, ಅದರಲ್ಲೂ ಬಳಕೆಗೆ ಬಿಡುವುದು ಒಂದು ಪಾಲನ್ನಷ್ಟೇ. ಜನ, ಸಾಮಾನು ಸೇರಿ 1,500 ಕಿಲೋ ತೂಗುವ ಕಾರು ಶಿರಾಡಿಯಂಥ ಘಟ್ಟದಲ್ಲಿ 600 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 2.4 ಕಿಲೋವಾಟ್ ಅವರ್. ಗಾಳಿ ಮತ್ತು ಟೈರಿನ ಘರ್ಷಣೆಗೆ ಹೋದದ್ದನ್ನು ಕಳೆದರೂ, ಇಳಿಜಾರು ಮುಗಿಯುವ ಬಹಳ ಮೊದಲೇ ಬ್ಯಾಟರಿ ತುಂಬಿರುತ್ತದೆ. ಆಮೇಲೆ ಶಕ್ತಿ ಹಿಂಪಡೆಯುವುದು ನಿಂತು, ಹೆಚ್ಚಿನ ಭಾರ ಬ್ರೇಕ್ ಪ್ಯಾಡಿನ ಮೇಲೆ ಬೀಳುತ್ತದೆ. ಅದಕ್ಕಾಗಿಯೇ ಗೇರು ಸನ್ನೆಯಲ್ಲಿ ‘ಬಿ’ ಸ್ಥಾನ ಇರುವುದು. ಅದಕ್ಕೆ ಹಾಕಿದರೆ ಎಂಜಿನ್ ತಡೆ ಕೊಡುತ್ತದೆ, ಪ್ಯಾಡು ಅಷ್ಟು ಬಿಸಿಯಾಗುವುದಿಲ್ಲ. ಇದನ್ನು ಮಾರಾಟದ ದಿನವೇ ವಿವರಿಸಿ ಹೇಳುವುದು ಷೋರೂಮಿನ ಹೊಣೆ ಆಗಬೇಕು. ಇದು ಮೈಲೇಜಿನ ವಿಷಯವಷ್ಟೇ ಅಲ್ಲ, ಜೀವದ ವಿಷಯ.

ಕಾಗದ ಮತ್ತು ರಸ್ತೆಯ ನಡುವಿನ ಅಂತರ ಊಹೆಯಲ್ಲ. ಯುರೋಪಿನಲ್ಲಿ 2021ರಿಂದ ಪ್ರತಿ ಹೊಸ ಕಾರಿನೊಳಗೂ ಉರಿದ ಇಂಧನವನ್ನು ಆಯುಷ್ಯಪೂರ್ತಿ ದಾಖಲಿಸುವ ವ್ಯವಸ್ಥೆ ಕಡ್ಡಾಯ. ಆ ದತ್ತಾಂಶ ಆಧರಿಸಿ ಯುರೋಪಿಯನ್ ಆಯೋಗ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳು ರಸ್ತೆಯಲ್ಲಿ ಪ್ರಮಾಣಿತ ಅಂಕಿಗಿಂತ ಸುಮಾರು ಶೇ 20ರಷ್ಟು ಹೆಚ್ಚು ಹೊಗೆ ಬಿಡುತ್ತಿದ್ದವು. ಚಾರ್ಜಿಗೆ ಹಾಕುವ ಪ್ಲಗ್–ಇನ್ ಹೈಬ್ರಿಡ್‌ಗಳಲ್ಲಿ ರಸ್ತೆಯ ಹೊಗೆ ಪ್ರಮಾಣಿತ ಅಂಕಿಯ ಸರಾಸರಿ ಮೂರೂವರೆ ಪಟ್ಟು ಇತ್ತು. ಜನ ಅವನ್ನು ಅಂದುಕೊಂಡಷ್ಟು ಚಾರ್ಜ್ ಮಾಡದೆ ಹೆಚ್ಚಾಗಿ ಪೆಟ್ರೋಲಿನಲ್ಲೇ ಓಡಿಸುತ್ತಿದ್ದುದು ಇದರ ಮುಖ್ಯ ಕಾರಣ. ಅಲ್ಲಿಯ ಪರೀಕ್ಷೆ 1,800 ಸೆಕೆಂಡುಗಳದ್ದು, ವೇಗ 131 ಕಿ.ಮೀ. ಮುಟ್ಟುತ್ತದೆ, ನಮ್ಮದಕ್ಕಿಂತ ಬಹಳ ಕಠಿಣ. ಅಷ್ಟು ಕಠಿಣ ಪರೀಕ್ಷೆಯಲ್ಲೇ ಇಷ್ಟು ಅಂತರ ಇದ್ದರೆ, ನಮ್ಮಲ್ಲಿ ಅದನ್ನು ಅಳೆಯದೆ ಬಿಡುವುದಕ್ಕೆ ಸಮರ್ಥನೆ ಇಲ್ಲ.

ಅಂತರದ ಒಂದು ಪಾಲು ನಿರ್ವಹಣೆಯದು. ಅದನ್ನು ಮಾಲೀಕರೇ ಸರಿಪಡಿಸಿಕೊಳ್ಳಬಹುದು. ಹೈಬ್ರಿಡ್ ಬ್ಯಾಟರಿಯನ್ನು ತಂಪಾಗಿಡಲು ಫ್ಯಾನ್ ಒಂದು ಕಾರಿನ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಆ ಗಾಳಿಯ ಕಿಂಡಿ ಮಾದರಿಗೆ ತಕ್ಕಂತೆ ಸೀಟಿನ ಪಕ್ಕದಲ್ಲೋ ಕೆಳಗೋ ಇರುತ್ತದೆ. ನಮ್ಮಲ್ಲಿ ಕಾರು ತಂದ ವಾರದಲ್ಲೇ ಆಕ್ಸೆಸರಿ ಅಂಗಡಿಗೆ ಹೋಗಿ ದಪ್ಪ ಸೀಟ್ ಕವರ್, ದಪ್ಪ ಮ್ಯಾಟ್ ಹಾಕಿಸುತ್ತೇವೆ. ಅವು ಕಿಂಡಿಯನ್ನು ಅರ್ಧ ಮುಚ್ಚುತ್ತವೆ, ಉಳಿದರ್ಧವನ್ನು ಧೂಳು ಮುಚ್ಚುತ್ತದೆ. ಬ್ಯಾಟರಿ ಬಿಸಿಯಾದಾಗ ನಿಯಂತ್ರಣ ವ್ಯವಸ್ಥೆ ಅದಕ್ಕೆ ಹೋಗಿ ಬರುವ ಕರೆಂಟನ್ನು ತಗ್ಗಿಸುತ್ತದೆ, ಎಂಜಿನ್ ಹೆಚ್ಚು ಹೊತ್ತು ಓಡುತ್ತದೆ. ಎಚ್ಚರಿಕೆ ದೀಪ ಹತ್ತುವ ಎಷ್ಟೋ ಮೊದಲೇ ಮೈಲೇಜು ಸದ್ದಿಲ್ಲದೆ ಇಳಿದಿರುತ್ತದೆ. ಕಿಂಡಿ ಎಲ್ಲಿದೆ ಎಂದು ಮಾಲೀಕರ ಕೈಪಿಡಿಯಲ್ಲಿ ನೋಡಿ, ಅದರ ಫಿಲ್ಟರಿನ ಧೂಳನ್ನು ಪ್ರತಿ ಸರ್ವಿಸ್‌ನಲ್ಲೂ ವ್ಯಾಕ್ಯೂಮ್‌ನಿಂದ ತೆಗೆಸಬೇಕು. ಒಳಗಿನ ಕಿತ್ತಳೆ ಬಣ್ಣದ ತಂತಿಗಳು ಅಧಿಕ ವೋಲ್ಟೇಜಿನವು. ಅವನ್ನು ತರಬೇತಿ ಇಲ್ಲದವರು ಮುಟ್ಟಲೇಬಾರದು, ಆ ಭಾಗಕ್ಕೆ ನೀರು ಹೊಡೆಯಬಾರದು.

ಎರಡನೆಯದು ಎಂಜಿನ್ ಆಯಿಲ್. ಈ ಎಂಜಿನ್‌ಗಳಿಗೆ 0ಡಬ್ಲ್ಯು–16 ಅಥವಾ 0ಡಬ್ಲ್ಯು–20ರಂಥ ತೆಳು ಎಣ್ಣೆಯನ್ನು ಸೂಚಿಸಿರುತ್ತಾರೆ. ವಾರಂಟಿ ಮುಗಿದ ಮೇಲೆ ಹೊರಗಿನ ಗ್ಯಾರೇಜಿನಲ್ಲಿ ‘ನಮ್ಮ ಬಿಸಿಲಿಗೆ ದಪ್ಪ ಎಣ್ಣೆಯೇ ಸರಿ’ ಎಂದು 15ಡಬ್ಲ್ಯು–40 ಸುರಿಯುವುದುಂಟು. ಹೈಬ್ರಿಡ್ ಎಂಜಿನ್ ಒಂದೇ ಪಯಣದಲ್ಲಿ ಹಲವು ಬಾರಿ ನಿಂತು ಮತ್ತೆ ಹೊತ್ತಿಕೊಳ್ಳುತ್ತದೆ, ಪೂರ್ತಿ ಬಿಸಿಯಾಗುವುದೇ ನಿಧಾನ. ದಪ್ಪ ಎಣ್ಣೆ ಅಲ್ಲಿ ಪ್ರತಿ ಬಾರಿಯೂ ಘರ್ಷಣೆ ಹೆಚ್ಚಿಸುತ್ತದೆ. ಟೈರಿನ ಗಾಳಿ ಎಲ್ಲರಿಗೂ ಗೊತ್ತಿರುವ ಸಂಗತಿ: ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿರುವಷ್ಟು, ಟೈರು ತಣ್ಣಗಿರುವಾಗ. ಅಗಲದ ಅಲಾಯ್ ಚಕ್ರ ಹಾಕಿಸಿದರೆ ಕಂಪನಿ ಗಳಿಸಿಕೊಟ್ಟ ಉಳಿತಾಯದಲ್ಲಿ ಒಂದು ಭಾಗವನ್ನು ಕೈಯಾರೆ ಚೆಲ್ಲಿದಂತೆ. ಬ್ರೇಕನ್ನು ದೂರದಿಂದಲೇ ಮೆಲ್ಲಗೆ ಒತ್ತಬೇಕು. ಗಕ್ಕನೆ ಒತ್ತಿದರೆ ಮೋಟರ್ ಹೀರಿಕೊಳ್ಳುವ ಮಿತಿ ಮೀರಿ, ಉಳಿದ ಶಕ್ತಿ ಡಿಸ್ಕಿನಲ್ಲಿ ಶಾಖವಾಗಿ ಹೋಗುತ್ತದೆ.

ಇ20 ಪೆಟ್ರೋಲಿನ ಪಾತ್ರವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗ. ಶೇ 20 ಬೆರೆಸಿದಾಗ ಶುದ್ಧ ಪೆಟ್ರೋಲಿಗಿಂತ ಲೀಟರಿಗೆ ಶೇ 6ರಿಂದ 7ರಷ್ಟು ಶಕ್ತಿ ಕಡಿಮೆ. ಮೈಲೇಜು ಇಳಿದರೆ ಕಾರಿನದೇ ದೋಷ ಎಂದುಕೊಳ್ಳಬೇಕಿಲ್ಲ. ಬಿಡದಿಯ ಇದೇ ಕಂಪನಿ 2023ರ ಆಗಸ್ಟ್‌ನಲ್ಲಿ ಹೆಚ್ಚು ಎಥನಾಲ್ ಬೆರೆತ ಪೆಟ್ರೋಲಿನಲ್ಲೂ ಓಡುವ, ಅಂದರೆ ಫ್ಲೆಕ್ಸ್ ಇಂಧನದ, ಹೈಕ್ರಾಸ್ ಹೈಬ್ರಿಡ್ ಮಾದರಿಯನ್ನು ದೆಹಲಿಯಲ್ಲಿ ಪ್ರದರ್ಶಿಸಿತ್ತು. ಎಥನಾಲಿನ ಇಂಗಾಲ ಬೆಳೆಯಿಂದ ಬಂದದ್ದು, ಹಾಗಾಗಿ ಲೆಕ್ಕದಲ್ಲಿ ಬಿಡಬಹುದು ಎಂಬ ವಾದದಲ್ಲಿ ಹುರುಳಿದೆ. ಆದರೆ ಕಬ್ಬಿಗೆ ಹರಿದ ನೀರು, ಹಾಕಿದ ಯೂರಿಯಾ, ಬಟ್ಟಿ ಇಳಿಸಲು ಬಳಸಿದ ಶಾಖ ಇವನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು. ಮಂಡ್ಯದ ನಾಲೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೆಫೆ–3. ಇಂಧನ ದಕ್ಷತಾ ಬ್ಯೂರೊ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಕರಡಿನಂತೆ ಇದು 2027ರ ಏಪ್ರಿಲ್‌ನಿಂದ 2032ರ ಮಾರ್ಚ್‌ವರೆಗಿನದು. ತೂಕದ ಆಧಾರ 1,170 ಕಿಲೋ, ಆ ತೂಕದಲ್ಲಿ ಮಿತಿ ಸುಮಾರು 88 ಗ್ರಾಂನಿಂದ ವರ್ಷ ವರ್ಷ ಇಳಿದು 71ರ ಸಮೀಪಕ್ಕೆ ಬರುತ್ತದೆ. ಅದೇ ಸೂತ್ರದಲ್ಲಿ 1,600 ಕಿಲೋಗೆ ಕೊನೆಯ ವರ್ಷದ ಮಿತಿ ಹಾಕಿದರೆ ಸುಮಾರು 92 ಗ್ರಾಂ ಬರುತ್ತದೆ. ಇಂದು ಗೆರೆಯಿಂದ ಬಹಳ ಕೆಳಗಿರುವ 102 ಗ್ರಾಂನ ಹೈಕ್ರಾಸ್ ಹೈಬ್ರಿಡ್, ಗುಣಕಗಳ ನೆರವಿಲ್ಲದೆ ಅಂದು ಗೆರೆಯ ಮೇಲಿರುತ್ತದೆ. ಪ್ಲಗ್ ಇಲ್ಲದ ಹೈಬ್ರಿಡ್ ಎಷ್ಟು ಚೆನ್ನಾಗಿದ್ದರೂ ಅದರ ಪ್ರತಿ ಕಿಲೋಮೀಟರೂ ಟ್ಯಾಂಕಿನ ಇಂಧನದಿಂದಲೇ ಬರಬೇಕು. ಒಂದು ದೊಡ್ಡ ಬ್ಯಾಟರಿ ಕಾರಿಗೆ ಬೇಕಾದ ಖನಿಜದಲ್ಲಿ 90 ಹೈಬ್ರಿಡ್‌ಗಳನ್ನು ಮಾಡಬಹುದು ಎಂಬುದು ಟೊಯೊಟಾದ ಜಾಗತಿಕ ವಾದ. ಲಿಥಿಯಂ ಸಿಗದ ಕಾಲಕ್ಕೆ ಅದು ತೂಕದ ಮಾತು. 50 ಕಿಲೋವಾಟ್ ಅವರ್ ಬ್ಯಾಟರಿಯೊಂದನ್ನು ಹೈರೈಡರ್‌ನದರಿಂದ ಭಾಗಿಸಿದರೂ ಸುಮಾರು 66 ಬರುತ್ತದೆ. ಆದರೆ ಇದೇ ಕಂಪನಿ ಹೊಸ ಕಾರುಗಳ ಸರಾಸರಿ ಹೊಗೆಯನ್ನು 2010ಕ್ಕೆ ಹೋಲಿಸಿ 2050ರೊಳಗೆ ಶೇ 90 ಇಳಿಸುತ್ತೇನೆಂದು 2015ರಲ್ಲಿ ಘೋಷಿಸಿದೆ. ಆ ಗುರಿಗೆ ಇಂದಿನ ಹೈಬ್ರಿಡ್ ಒಂದು ಮೆಟ್ಟಿಲು, ಮನೆಯಲ್ಲ. ಕಾರ್ಖಾನೆಯೊಳಗಿನ ವಿದ್ಯುತ್, ನೀರಿನ ಉಳಿತಾಯ ಸ್ವಾಗತಾರ್ಹ. ಆದರೂ 102 ಗ್ರಾಂನ ಕಾರು 2 ಲಕ್ಷ ಕಿ.ಮೀ. ಓಡುವಷ್ಟರಲ್ಲಿ 20 ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಿರುತ್ತದೆ ಎಂಬುದು ಎದುರಿಗಿರಲಿ.

ತೆರಿಗೆಯಂತೂ ಹೊಗೆಯನ್ನು ನೋಡುವುದೇ ಇಲ್ಲ. 2025ರ ಸೆಪ್ಟೆಂಬರ್ 21ರವರೆಗೆ ದೊಡ್ಡ ಎಸ್‌ಯುವಿಗೆ ಸೆಸ್ ಸೇರಿ ಶೇ 50, ಹೈಬ್ರಿಡ್‌ಗೆ ಶೇ 43 ಇತ್ತು. ಈಗ ನಾಲ್ಕು ಮೀಟರ್ ದಾಟಿದ ಹೈಬ್ರಿಡ್‌ಗೂ ಬರೀ ಪೆಟ್ರೋಲ್ ಕಾರಿಗೂ ಒಂದೇ ಶೇ 40 ಜಿಎಸ್‌ಟಿ, ಇದ್ದ ಅಷ್ಟಿಷ್ಟು ಅಂತರವೂ ಹೋಯಿತು. ರಾಜ್ಯದ ಜೀವಿತಾವಧಿ ತೆರಿಗೆ ಬೆಲೆಯ ಮೇಲೆ ಶೇ 13ರಿಂದ 18ರವರೆಗೆ ಏರುತ್ತದೆ. ಹೈಬ್ರಿಡ್ ದುಬಾರಿ, ಹಾಗಾಗಿ ಕಡಿಮೆ ಹೊಗೆಯ ಕಾರು ಕೊಂಡವರೇ ಹೆಚ್ಚು ತೆರಿಗೆ ಕಟ್ಟುತ್ತಾರೆ. ಉತ್ತರ ಪ್ರದೇಶ 2024ರಲ್ಲಿ ಬಲಿಷ್ಠ ಹೈಬ್ರಿಡ್‌ಗಳ ನೋಂದಣಿ ತೆರಿಗೆಯನ್ನೇ ಬಿಟ್ಟಿತು. ಪೂರ್ತಿ ಬಿಡುವುದು ನನ್ನ ದೃಷ್ಟಿಯಲ್ಲಿ ಅತಿಯಾಯಿತು. ಕಿ.ಮೀ.ಗೆ ಇಷ್ಟು ಗ್ರಾಂ ಎಂಬ ಅಂಕಿಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ತೆರಿಗೆ ಹಾಕಿದರೆ ಬ್ಯಾಟರಿ ಕಾರು, ಹೈಬ್ರಿಡ್, ಸಣ್ಣ ಪೆಟ್ರೋಲ್ ಕಾರು, ಭಾರದ ಡೀಸೆಲ್ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ.

ರಸ್ತೆಯ ಅಂಕಿ ಸಂಗ್ರಹಿಸಲು ಹೊಸ ಇಲಾಖೆ ಬೇಕಿಲ್ಲ. ಎಮಿಷನ್ ಟೆಸ್ಟ್ ಮಾಡಿಸಲು ಪ್ರತಿ ಕಾರೂ ಹೋಗುತ್ತದೆ. ಅಲ್ಲಿ ಪೆಟ್ರೋಲ್ ಕಾರಿನ ಇಂಗಾಲದ ಮೊನಾಕ್ಸೈಡ್, ಹೈಡ್ರೋಕಾರ್ಬನ್ ಮತ್ತು ಡೀಸೆಲ್ ಕಾರಿನ ಹೊಗೆಯ ಸಾಂದ್ರತೆ ಅಳೆಯುತ್ತಾರೆ, ಉರಿದ ಇಂಧನದ ಪ್ರಮಾಣವನ್ನು ಯಾರೂ ಕೇಳುವುದಿಲ್ಲ. ಯುರೋಪಿನಂತೆ ಹೊಸ ಕಾರುಗಳಲ್ಲಿ ಇಂಧನ ದಾಖಲೆ ಕಡ್ಡಾಯವಾದರೆ, ಸ್ಟಿಯರಿಂಗ್ ಕೆಳಗಿರುವ, ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಒಬಿಡಿ ಸಾಕೆಟ್‌ನಿಂದ ಒಟ್ಟು ಲೀಟರ್ ಮತ್ತು ಒಟ್ಟು ಕಿ.ಮೀ. ಎರಡೇ ಸಂಖ್ಯೆಗಳನ್ನು, ಮಾಲೀಕರ ಹೆಸರು, ಓಡಾಟದ ದಾರಿ ಯಾವುದೂ ಇಲ್ಲದೆ, ಅಲ್ಲೇ ತೆಗೆದುಕೊಳ್ಳಬಹುದು. ಅದಕ್ಕೂ ಮೊದಲು ಮಾಲೀಕರೇ ಅಳೆಯಬಹುದು: ಒಂದೇ ಬಂಕಿನಲ್ಲಿ ನಳಿಕೆ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ, ಓಡೋಮೀಟರ್ ಬರೆದಿಟ್ಟು, ಮತ್ತೆ ಹಾಗೆಯೇ ತುಂಬಿಸಿ, ಕನಿಷ್ಠ ಮೂರು ಬಾರಿಯ ಸರಾಸರಿ ತೆಗೆಯಬೇಕು. ಡ್ಯಾಷ್‌ಬೋರ್ಡಿನ ಅಂಕಿ ಸಾಮಾನ್ಯವಾಗಿ ತುಸು ಹೆಚ್ಚೇ ತೋರಿಸುತ್ತದೆ. ಬಿಡದಿಯ ಕಂಪನಿ ತನ್ನ ಸರ್ವಿಸ್ ಕೇಂದ್ರಗಳಿಗೆ ಬರುವ ಹೈಬ್ರಿಡ್ ಮತ್ತು ಡೀಸೆಲ್ ಕಾರುಗಳ ರಸ್ತೆಯ ಸರಾಸರಿಯನ್ನು ಮಾದರಿವಾರು ಪ್ರತಿ ವರ್ಷ ತಾನಾಗಿ ಪ್ರಕಟಿಸಲು ಇಂದಿಗೂ ಯಾವ ಕಾನೂನಿನ ಅಡ್ಡಿಯೂ ಇಲ್ಲ. ಇಂಧನ ದಕ್ಷತಾ ಬ್ಯೂರೊ ಕೆಫೆ–3ರಲ್ಲೇ ಇದನ್ನು ಸೇರಿಸಲಿ, ರಾಜ್ಯ ಸಾರಿಗೆ ಇಲಾಖೆ ಎಮಿಷನ್ ಟೆಸ್ಟ್ ಕೇಂದ್ರಗಳ ತಂತ್ರಾಂಶದಲ್ಲಿ ಆ ಎರಡು ಸಂಖ್ಯೆಗಳಿಗೆ ಜಾಗ ಮಾಡಿಡಲಿ.

ಇತಿ,
ವಾಹನ ಎಂಜಿನಿಯರಿಂಗ್ ಬೋಧಕ, ರಾಮನಗರ